ಹಲ್ಲು ಜುಮ್ಮೆಂದರೆ ಮೊದಲು ಗಮನಿಸಬೇಕಾದದ್ದು: ಎಷ್ಟು ಹೊತ್ತು?

ತಣ್ಣೀರು ಕುಡಿದರೆ ಅಜ್ಜನ ಹಲ್ಲು ಜುಮ್ಮೆನ್ನುತ್ತದೆ, ಮಾವಿನಕಾಯಿ ಕಚ್ಚಿದರೆ ಅಮ್ಮನದ್ದು, ಐಸ್‌ಕ್ರೀಮ್ ತಿಂದರೆ ಎಂಟು ವರ್ಷದ ಮಗನದ್ದು. ಮೆಡಿಕಲ್ ಶಾಪಿನಿಂದ ಒಂದು ಸೆನ್ಸಿಟಿವ್ ಪೇಸ್ಟ್ ತಂದು ಮೂವರೂ ಅದನ್ನೇ ಬಳಸುತ್ತಾರೆ. ಅಜ್ಜನಿಗೆ ಒಸಡು ಇಳಿದು ಬೇರು ಹೊರಬಿದ್ದಿದ್ದರೆ ಆ ಪೇಸ್ಟ್ ಸರಿ. ಮಗನ ಹಲ್ಲು ಹುಳುಕಾಗಿದ್ದರೆ ಅದರಿಂದ ಏನೂ ಉಪಯೋಗವಿಲ್ಲ. ನೋವು ಸ್ವಲ್ಪ ಕಡಿಮೆಯಾದಂತೆ ಅನಿಸಬಹುದು, ಅಷ್ಟರಲ್ಲಿ ಹುಳುಕು ನರದವರೆಗೂ ಹೋಗಿರುತ್ತದೆ.

ಆದ್ದರಿಂದ ಜುಮ್ಮೆಂದದ್ದು ಎಷ್ಟು ಹೊತ್ತು ಇರುತ್ತದೆ ಎಂದು ಮನೆಯಲ್ಲೇ ಗಮನಿಸಿ. ನೀರು ನುಂಗಿದ ಒಂದೆರಡು ಸೆಕೆಂಡಿನಲ್ಲಿ ಹೋದರೆ ಹಲ್ಲಿನ ನರ ಇನ್ನೂ ಆರೋಗ್ಯವಾಗಿರುವ ಸಾಧ್ಯತೆ ಹೆಚ್ಚು. ಅರ್ಧ ನಿಮಿಷ ದಾಟಿಯೂ ಸೆಳೆಯುತ್ತಿದ್ದರೆ, ಬಿಸಿ ಕಾಫಿಗೆ ನೋವು ಹೆಚ್ಚಿದರೆ, ರಾತ್ರಿ ಮಲಗಿದ ಮೇಲೆ ತಾನಾಗಿಯೇ ಸಿಡಿಯತೊಡಗಿದರೆ ನರ ಊದಿಕೊಂಡಿದೆ ಎಂದರ್ಥ. ಇಂಥ ಹಲ್ಲಿಗೆ ಸಾಮಾನ್ಯವಾಗಿ ರೂಟ್ ಕೆನಾಲ್ ಬೇಕಾಗುತ್ತದೆ, ಪೇಸ್ಟ್ ಬದಲಿಸುತ್ತಾ ಕೂರಬಾರದು. ಕಚ್ಚಿದ ಹಲ್ಲು ಬಿಡುವಾಗ ಮಾತ್ರ ಚುಚ್ಚಿದಂತಾದರೆ ಬಿರುಕಿರಬಹುದು. ಜ್ವರದ ಜೊತೆ ಕೆನ್ನೆ ಊದಿಕೊಂಡು, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಜುಮ್ಮೆನ್ನುವುದಾದರೂ ಏಕೆ? ಹಲ್ಲಿನ ಹೊರಪದರ ಎನಾಮೆಲ್. ದೇಹದಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಬೇರೆ ಇಲ್ಲ. ಒಳಗಿನ ಡೆಂಟಿನ್ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು, ಅವುಗಳಲ್ಲಿ ದ್ರವ. ಡೆಂಟಿನ್ ತೆರೆದುಕೊಂಡಾಗ ತಣ್ಣಗಿನದು, ಸಿಹಿ, ಗಾಳಿ ಏನು ತಾಗಿದರೂ ಈ ದ್ರವ ಅಲುಗಾಡಿ ನರವನ್ನು ಕೆಣಕುತ್ತದೆ. 1960ರ ದಶಕದಲ್ಲಿ ಸ್ವೀಡನ್ನಿನ ಮಾರ್ಟಿನ್ ಬ್ರಾನ್‌ಸ್ಟ್ರಾಮ್ ಇದನ್ನು ಪ್ರಯೋಗಗಳಿಂದ ತೋರಿಸಿದರು. ಒಸಡಿನ ಕೆಳಗಿನ ಬೇರಿನ ಮೇಲೆ ಎನಾಮೆಲ್ ಇರುವುದಿಲ್ಲ. ಒಸಡು ಇಳಿದವರಿಗೆ ಕಾಟ ಹೆಚ್ಚಾಗುವುದು ಅದಕ್ಕೇ.

ಕನ್ನಡಿಯ ಮುಂದೆ ನಿಂತು ಕೋರೆಹಲ್ಲಿನ ಮೇಲೆ, ಒಸಡು ಸೇರುವ ಜಾಗದಲ್ಲಿ ಉಗುರನ್ನು ಮೆಲ್ಲಗೆ ಮೇಲೆ ಕೆಳಗೆ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಕೊಡಲಿ ಕಚ್ಚಿನಂಥ ಸವೆತವಿದೆ. ಬಲಗೈಯಲ್ಲಿ ಉಜ್ಜುವವರಿಗೆ ಇದು ಹೆಚ್ಚಾಗಿ ಎಡಗಡೆ ಕಾಣುತ್ತದೆ, ಬ್ರಷ್ಷಿನ ಜೋರು ಬೀಳುವುದು ಅಲ್ಲಿಗೇ. ಅಡ್ಡಡ್ಡ ಗರಗಸದಂತೆ ಉಜ್ಜುವುದು, ಗಟ್ಟಿ ಬ್ರಷ್, ಇದ್ದಿಲು, ಉಪ್ಪು, ಒರಟು ಹಲ್ಲುಪುಡಿ, ಎಲ್ಲವೂ ಸವೆಸುತ್ತವೆ. ಬೆಳ್ಳಗಾಗಲೆಂದು ಇದ್ದಿಲಿನಿಂದ ಉಜ್ಜುವುದನ್ನು ಇವತ್ತೇ ನಿಲ್ಲಿಸಿ. ಎನಾಮೆಲ್ ತೆಳುವಾದಷ್ಟೂ ಒಳಗಿನ ಹಳದಿ ಡೆಂಟಿನ್ನೇ ಎದ್ದು ಕಾಣುತ್ತದೆ. ಸಾಫ್ಟ್ ಬ್ರಷ್ಷನ್ನು ಒಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು, ಸಣ್ಣ ಸಣ್ಣ ಸುತ್ತುಗಳಲ್ಲಿ ಎರಡು ನಿಮಿಷ ಉಜ್ಜಿದರೆ ಸಾಕು. ಬ್ರಷ್ಷಿನ ಎಳೆಗಳು ಒಂದೇ ತಿಂಗಳಲ್ಲಿ ಹೊರಕ್ಕೆ ಬಾಗಿದ್ದರೆ ಕೈ ಜೋರಾಗಿದೆ ಎಂದೇ ತಿಳಿಯಿರಿ.

ಪೇಸ್ಟ್ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಬಹಳ ಮಂದಿ ಅದನ್ನು ನಾಲ್ಕು ದಿನ ಬಳಸಿ ಬಿಟ್ಟಿರುತ್ತಾರೆ. ಶೇಕಡಾ 5ರಷ್ಟು ಪೊಟ್ಯಾಸಿಯಮ್ ನೈಟ್ರೇಟ್ ಇರುವ ಪೇಸ್ಟ್ ನರವನ್ನು ನಿಧಾನವಾಗಿ ಶಾಂತಗೊಳಿಸುತ್ತದೆ. ದಿನಕ್ಕೆರಡು ಸಲದಂತೆ ಎರಡರಿಂದ ನಾಲ್ಕು ವಾರ ಬೇಕು, ಬಿಟ್ಟರೆ ಮತ್ತೆ ಜುಮ್ಮೆನ್ನುತ್ತದೆ. ಅರ್ಜಿನಿನ್ ಅಥವಾ ಸ್ಟ್ಯಾನಸ್ ಫ್ಲೋರೈಡ್ ಇರುವವು ಕೊಳವೆಗಳ ಬಾಯನ್ನೇ ಮುಚ್ಚುತ್ತವೆ. ಉಜ್ಜಿದ ಮೇಲೆ ನೊರೆ ಉಗಿಯಿರಿ, ಬಾಯಿತುಂಬ ನೀರು ಹಾಕಿ ಮುಕ್ಕಳಿಸಬೇಡಿ, ಔಷಧವೆಲ್ಲ ತೊಳೆದುಹೋಗುತ್ತದೆ. ಒಂದು ತಿಂಗಳು ಹೀಗೆ ಮಾಡಿಯೂ ಒಂದೇ ಹಲ್ಲು ಕಾಡುತ್ತಿದ್ದರೆ ಅದನ್ನು ದಂತವೈದ್ಯರಿಗೆ ತೋರಿಸಲೇಬೇಕು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ವೈದ್ಯರನ್ನು ಕೇಳದೆ ಈ ಪೇಸ್ಟ್‌ಗಳನ್ನು ಕೊಡಬೇಡಿ.

ಹುಳಿಯ ಮಾತು. ನಿಂಬೆ ಷರಬತ್ತು, ಕೋಲಾ ಎನಾಮೆಲ್‌ನ ಮೇಲ್ಮೈಯನ್ನು ಸ್ವಲ್ಪ ಹೊತ್ತು ಮೆತ್ತಗಾಗಿಸುತ್ತವೆ. ಕೂಡಲೇ ಉಜ್ಜದೆ ನೀರಿನಿಂದ ಮುಕ್ಕಳಿಸಿ, ಅರ್ಧ ಗಂಟೆ ಬಿಡಿ. ಹೊಟ್ಟೆಯಿಂದ ಬರುವ ಹುಳಿಯೂ ಹೀಗೇ ಮಾಡುತ್ತದೆ, ಆದ್ದರಿಂದ ಬಸುರಿಯರು ವಾಂತಿಯಾದ ಮೇಲೆ ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಮುಕ್ಕಳಿಸಿದರೆ ಒಳ್ಳೆಯದು. ಮೇಲಿನ ಮುಂದಿನ ಹಲ್ಲುಗಳ ಒಳಬದಿಯೇ ಸವೆದಿದ್ದರೆ ಹುಳಿತೇಗಿನ ತೊಂದರೆ ಇದೆಯೇ ಎಂದು ವೈದ್ಯರು ವಿಚಾರಿಸುವುದೂ ಇದಕ್ಕಾಗಿಯೇ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ಎಷ್ಟೋ ಜನರ ಹಲ್ಲನ್ನು ಬಲಿ ತೆಗೆದುಕೊಂಡಿದೆ. ಕಲ್ಲಿನಂತೆ ಗಟ್ಟಿಯಾದ ಪಾಚಿ ಒಸಡನ್ನೂ ಎಲುಬನ್ನೂ ಮೊದಲೇ ಇಳಿಸಿರುತ್ತದೆ. ಸಡಿಲ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದೂ ಅದೇ. ತೆಗೆದಾಗ ಸಂದು ಕಾಣುತ್ತದೆ, ಅಲ್ಲಾಡುವುದು ಗೊತ್ತಾಗುತ್ತದೆ, ಕೆಲವು ದಿನ ತಣ್ಣೀರು ತಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಂತೂ ಕ್ಲೀನಿಂಗ್ ಮುಂದೂಡಲೇಬಾರದು, ಅವರ ಒಸಡು ಬೇಗ ಹಾಳಾಗುತ್ತದೆ.

ನೋವಿಗೆಂದು ಆಸ್ಪಿರಿನ್ ಮಾತ್ರೆಯನ್ನು ಒಸಡಿಗೆ ಒತ್ತಿಕೊಳ್ಳಬೇಡಿ, ಚರ್ಮ ಸುಟ್ಟು ಬೆಳ್ಳಗಾಗುತ್ತದೆ. ಲವಂಗದೆಣ್ಣೆಯಾದರೆ ಹತ್ತಿಗೆ ಒಂದು ಹನಿ ಹಾಕಿ ಹುಳುಕಿನ ಗುಳಿಯಲ್ಲಿ ಮಾತ್ರ ಇಡಿ.

ಮಗುವಿನ ಬಾಯಿಗೆ ಬಂದರೆ, ಆರು ವರ್ಷಕ್ಕೆ ಹುಟ್ಟುವ ದವಡೆಹಲ್ಲನ್ನು ಹಾಲುಹಲ್ಲೆಂದೇ ಬಹಳ ಪೋಷಕರು ಭಾವಿಸುತ್ತಾರೆ, ಏಕೆಂದರೆ ಅದು ಯಾವ ಹಲ್ಲೂ ಬೀಳದೆ ಕಟ್ಟಕಡೆಯ ಹಾಲುಹಲ್ಲಿನ ಹಿಂದೆ ಮೂಡುತ್ತದೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಕೆಲವು ಮಕ್ಕಳಿಗೆ ಅದು ಹುಟ್ಟುವಾಗಲೇ ಹಳದಿ ಕಂದು ಮಚ್ಚೆಯೊಂದಿಗೆ, ದುರ್ಬಲ ಎನಾಮೆಲ್‌ನೊಂದಿಗೆ ಬರುತ್ತದೆ. ಬ್ರಷ್ ತಾಗಿದರೆ ಮಗು ಕೈ ತಳ್ಳುವುದು ಹಟದಿಂದಲ್ಲ, ನೋವಿನಿಂದ. ಉಗುರುಬೆಚ್ಚಗಿನ ನೀರು ಬಳಸಿ, ಹಲ್ಲು ಗಟ್ಟಿಯಾಗಲು ಬಳಿಯುವ ಫ್ಲೋರೈಡ್ ವಾರ್ನಿಷ್ ಮತ್ತು ಹಲ್ಲಿನ ಮೇಲಿನ ಗೀರುಗಳನ್ನು ಮುಚ್ಚುವ ಸೀಲೆಂಟ್ ಬಗ್ಗೆ ಮಕ್ಕಳ ದಂತವೈದ್ಯರನ್ನು ಕೇಳಿ. ಪೂರ್ತಿ ಮೇಲೆ ಬರುವ ತನಕ ಈ ಹಲ್ಲು ಪಕ್ಕದ ಹಲ್ಲಿಗಿಂತ ತಗ್ಗಾಗಿರುವುದರಿಂದ ನೇರ ಹಿಡಿದ ಬ್ರಷ್ ಅದರ ಮೇಲಿಂದ ಹಾರಿಹೋಗುತ್ತದೆ. ಕೆನ್ನೆಯ ಕಡೆಯಿಂದ ಬ್ರಷ್ಷನ್ನು ಅಡ್ಡಕ್ಕೆ ತಂದು, ಆ ಒಂದು ಹಲ್ಲಿನ ಮೇಲಷ್ಟೇ ಇಟ್ಟು ನೀವೇ ಉಜ್ಜಿಕೊಡಿ.