‘ಸೀರಿಯಲ್ ಮಾಮ್’ ನಿಜವಾಗಿ ನಡೆದ ಕಥೆಯೇ?

ಪ್ರಶ್ನೆ: ನಾವಿರುವುದು ಅಮೆರಿಕದ ಬಾಲ್ಟಿಮೋರ್ ಹತ್ತಿರ. ಪಕ್ಕದ ಟೌಸನ್‌ನ ಗೃಹಿಣಿಯೊಬ್ಬಳು ಸಾಲು ಸಾಲು ಕೊಲೆ ಮಾಡಿದ್ದು ನಿಜವೆಂದು ‘ಸೀರಿಯಲ್ ಮಾಮ್’ ಚಿತ್ರದ ಆರಂಭದಲ್ಲೇ ಬರೆದಿದೆ. ಆ ಪ್ರಕರಣದ ವಿವರ ಎಲ್ಲಿ ಸಿಗುತ್ತದೆ? ಅಂಥ ಘೋರವನ್ನು ನೋಡಿ ಜನ ಇಷ್ಟು ವರ್ಷಗಳಿಂದ ನಗುತ್ತಿರುವುದಾದರೂ ಏಕೆ?

ಉತ್ತರ: ಎಲ್ಲಿಯೂ ಸಿಗುವುದಿಲ್ಲ, ಏಕೆಂದರೆ ಅಂಥ ಪ್ರಕರಣ ನಡೆದೇ ಇಲ್ಲ. ಈ ಪ್ರಶ್ನೆಗೆ ಉತ್ತರಿಸುತ್ತಿರುವುದು ಎಷ್ಟನೆಯ ಸಲವೆಂಬ ಲೆಕ್ಕ ನನಗೆ ತಪ್ಪಿಹೋಗಿದೆ. ಹಿಂದೆಲ್ಲ ಎರಡು ಸಾಲಿನಲ್ಲಿ ಮುಗಿಸುತ್ತಿದ್ದುದರಿಂದಲೇ ಅದು ಮತ್ತೆ ಮತ್ತೆ ಚಿಗುರುತ್ತಿದೆ ಎಂದು ತೋರುವುದರಿಂದ, ಈ ಬಾರಿ ಬೇರಿಗೇ ಕೈ ಹಾಕುತ್ತೇನೆ.

ನಂಬುವವರು ಮುಂದಿಡುವ ಮೊದಲ ಸಾಕ್ಷಿ ಚಿತ್ರದ ಆರಂಭದ ಬರಹ. ಇದು ನಿಜಕಥೆ, ನ್ಯಾಯಾಲಯದ ಸಾಕ್ಷ್ಯಗಳನ್ನೂ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಗಳನ್ನೂ ನೂರಾರು ಸಂದರ್ಶನಗಳನ್ನೂ ಆಧರಿಸಿದ್ದು ಎಂದು ಅದು ಹೇಳುತ್ತದೆ, ನಿಜ. ಆದರೆ ಅದರ ಮುಂದಿನ ವಾಕ್ಯವನ್ನು ಯಾರೂ ನಿಧಾನವಾಗಿ ಓದಿದಂತಿಲ್ಲ: ನಿರಪರಾಧಿಗಳಾದ ಕೆಲವು ಪಾತ್ರಗಳ ಹೆಸರನ್ನು ಇನ್ನೂ ದೊಡ್ಡದೊಂದು ಸತ್ಯದ ಹಿತಕ್ಕಾಗಿ ಬದಲಾಯಿಸಲಾಗಿದೆಯಂತೆ. ಹೆಸರು ಬದಲಿಸುವುದು ಮನುಷ್ಯರ ಮಾನ ಕಾಯುವುದಕ್ಕೆ. ಸತ್ಯದ ಹಿತಕ್ಕಾಗಿ ಸುಳ್ಳು ಹೆಸರು ಇಡುತ್ತೇನೆ ಎನ್ನುವವನು ತಮಾಷೆ ಮಾಡುತ್ತಿದ್ದಾನೆಂದು ಅಲ್ಲಿಯೇ ಹೊಳೆಯಬೇಕಿತ್ತು. ಕೊನೆಯಲ್ಲಿ, ನಾಯಕಿ ಬೆವರ್ಲಿ ಸಟ್‌ಫಿನ್ ಈ ಚಿತ್ರದ ತಯಾರಿಕೆಗೆ ಸಹಕರಿಸಲು ನಿರಾಕರಿಸಿದಳೆಂಬ ಇನ್ನೊಂದು ಬರಹ ಬರುತ್ತದೆ. ಇಲ್ಲದ ಹೆಂಗಸು ಸಹಕರಿಸುವುದು ಹೇಗೆ?

ಎರಡನೆಯ ಸಾಕ್ಷಿ ಊರು. ಟೌಸನ್ ಎಂಬ ಊರು ನಿಜಕ್ಕೂ ಇದೆ, ನೀವೇ ಅದರ ಪಕ್ಕದಲ್ಲಿದ್ದೀರಿ. ಆದರೆ ಅದು ಬಾಲ್ಟಿಮೋರ್ ಕೌಂಟಿಯ ಆಡಳಿತ ಕೇಂದ್ರ, ಕೌಂಟಿಯ ನ್ಯಾಯಾಲಯವೂ ಅಲ್ಲಿಯೇ ಇದೆ. ಚಿತ್ರದಲ್ಲಿರುವಂತೆ ದಂತವೈದ್ಯರ ಹೆಂಡತಿಯೊಬ್ಬಳು ಆರು ಜನರನ್ನು ಕೊಂದು, ವಕೀಲರನ್ನು ಬಿಟ್ಟು ತಾನೇ ವಾದಿಸಿ, ಬಿಡುಗಡೆಯಾಗಿ ಮನೆಗೆ ಬಂದಿದ್ದರೆ ಆ ಊರಿನ ಹಳೆಯ ಪತ್ರಿಕೆಗಳು ಅದರಿಂದಲೇ ತುಂಬಿರುತ್ತಿದ್ದವು, ನೀವು ನನಗೆ ಬರೆಯಬೇಕಾಗಿಯೇ ಇರಲಿಲ್ಲ. ನಿರ್ದೇಶಕ ಜಾನ್ ವಾಟರ್ಸ್ ಬೆಳೆದದ್ದು ಟೌಸನ್‌ಗೆ ಹೊಂದಿಕೊಂಡಂತಿರುವ ಲೂಥರ್‌ವಿಲ್‌ನಲ್ಲಿ. ತನ್ನ ಓಣಿಯ ಹುಲ್ಲುಹಾಸು, ಕಸದ ಬುಟ್ಟಿ, ಚರ್ಚು ಎಲ್ಲವನ್ನೂ ಬಲ್ಲವನು ಬರೆದದ್ದರಿಂದ ಊರು ನಿಜವೆನಿಸುತ್ತದೆ. ಕಥೆ, ಚಿತ್ರಕಥೆ ಎರಡೂ ಅವನದೇ ಕಲ್ಪನೆ.

ಹಾಗಾದರೆ ಸುಳ್ಳೇಕೆ ಹೇಳಬೇಕಿತ್ತು ಎಂದು ಕೇಳುತ್ತೀರಿ. ಆ ಕಾಲದ ಟಿವಿಯನ್ನು ನೆನಪಿಸಿಕೊಳ್ಳಬೇಕು. 1992ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡ್‌ನಲ್ಲಿ 17 ವರ್ಷದ ಹುಡುಗಿಯೊಬ್ಬಳು ತನ್ನ ಪ್ರಿಯಕರನ ಹೆಂಡತಿಗೆ ಗುಂಡು ಹೊಡೆದಳು, ಆಕೆ ಬದುಕುಳಿದಳು. ಎಂಟು ತಿಂಗಳು ತುಂಬುವುದರೊಳಗೆ, ಒಂದೇ ವಾರದ ಅವಧಿಯಲ್ಲಿ, ಅಮೆರಿಕದ ಮೂರು ದೊಡ್ಡ ವಾಹಿನಿಗಳು ಅದೇ ಪ್ರಕರಣದ ಮೇಲೆ ಒಂದೊಂದು ಟಿವಿ ಚಿತ್ರ ಪ್ರಸಾರ ಮಾಡಿದವು. ನಿಜ ಘಟನೆ ಎಂಬ ಹಣೆಪಟ್ಟಿ ಹಚ್ಚಿದರೆ ಯಾವ ಕ್ರೌರ್ಯವನ್ನಾದರೂ ಊಟದ ಹೊತ್ತಿಗೆ ಮನೆಯೊಳಗೆ ತಂದು ಕೂರಿಸಬಹುದಾಗಿತ್ತು. 1994ರಲ್ಲಿ ತೆರೆಗೆ ಬಂದ ‘ಸೀರಿಯಲ್ ಮಾಮ್’ ಗೇಲಿ ಮಾಡುತ್ತಿರುವುದು ಆ ಹಣೆಪಟ್ಟಿಯನ್ನೇ, ಆದ್ದರಿಂದ ಆರಂಭದ ಬರಹವೇ ಚಿತ್ರದ ಮೊದಲ ಹಾಸ್ಯ. ಎರಡು ವರ್ಷಗಳ ನಂತರ ‘ಫಾರ್ಗೋ’ ಚಿತ್ರ ಕೂಡ ಇದೇ ಉಪಾಯ ಹೂಡಿತು. ಅದರ ಪ್ರಕರಣವನ್ನು ಆ ಕಥೆ ನಡೆಯುವ ಮಿನೆಸೋಟಾ ರಾಜ್ಯದಲ್ಲಿ ಹುಡುಕಿಕೊಡಿ ಎಂದು ಕೇಳುವವರಿಗೂ ನನ್ನಲ್ಲಿ ಇದಕ್ಕಿಂತ ಬೇರೆ ಉತ್ತರವಿಲ್ಲ.

ಇನ್ನು ನಗುವಿನ ವಿಷಯ. ಈ ಬಗೆಯ ಚಿತ್ರಗಳಿಗೆ ‘ಕ್ಯಾಂಪ್’ ಎಂಬ ಹೆಸರಿದೆ, ನಮ್ಮ ಎನ್‌ಸಿಸಿ ಕ್ಯಾಂಪಿಗೂ ಇದಕ್ಕೂ ಸಂಬಂಧವಿಲ್ಲ. ಅತಿರೇಕವನ್ನು ಅತಿರೇಕವೆಂದು ಒಪ್ಪಿಕೊಳ್ಳದೆ, ಮುಖದ ಗೆರೆ ಸಡಿಲಿಸದೆ, ಪೂಜೆಯಷ್ಟೇ ಶ್ರದ್ಧೆಯಿಂದ ನಡೆಸಿಕೊಂಡು ಹೋಗುವುದು ಅದರ ಗುಣ. ಬೆವರ್ಲಿಯ ಪಾತ್ರದಲ್ಲಿ ಕ್ಯಾಥ್ಲೀನ್ ಟರ್ನರ್ ಒಮ್ಮೆಯೂ ನಮ್ಮ ಕಡೆ ಕಣ್ಣು ಮಿಟುಕಿಸುವುದಿಲ್ಲ. ಬೆಳಗಿನ ತಿಂಡಿಯ ಮೇಜಿನ ಸುತ್ತ ಹಾರುವ ನೊಣವನ್ನು ಆಕೆ ಹೊಡೆದು ಹಾಕುವಾಗಲೂ, ಆಮೇಲೆ ನೆರೆಯವರನ್ನು ಮುಗಿಸುವಾಗಲೂ ಮುಖದಲ್ಲಿರುವುದು ಒಂದೇ ಭಾವ: ಮನೆ ಚೊಕ್ಕಟವಾಗಿರಬೇಕು. 1950ರ ದಶಕದ ಟಿವಿ ಕಥೆಗಳಲ್ಲಿ ಮುತ್ತಿನ ಸರ ಧರಿಸಿ ಅಡುಗೆ ಮಾಡುತ್ತಿದ್ದ ಆದರ್ಶ ತಾಯಿಯನ್ನು ಒಂದಿಷ್ಟೂ ಬದಲಿಸದೆ ಕೈಗೆ ಆಯುಧ ಕೊಟ್ಟರೆ ಆಗುವುದೇ ಬೆವರ್ಲಿ.

ಒಂದು ದೃಶ್ಯವನ್ನು ನೋಡಿ. ಬೆವರ್ಲಿಯ ಮಗ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಮಿಸೆಸ್ ಜೆನ್ಸನ್ ಎಂಬಾಕೆ ಕ್ಯಾಸೆಟ್ಟನ್ನು ಎಂದೂ ರಿವೈಂಡ್ ಮಾಡಿ ಕೊಡುವವಳಲ್ಲ, ಕೇಳಿದರೆ ಹುಡುಗನ ಮೇಲೆಯೇ ರೇಗುತ್ತಾಳೆ. ಅದೇ ಆಕೆ ಮನೆಯಲ್ಲಿ ನಾಯಿಯನ್ನು ಜೊತೆಗಿಟ್ಟುಕೊಂಡು, ಅನಾಥ ಬಾಲಕಿಯ ಸಂಗೀತಚಿತ್ರವೊಂದನ್ನು ಹಾಕಿಕೊಂಡು, ಟಿವಿಯ ಜೊತೆಗೆ ತಾನೂ ಗಟ್ಟಿಯಾಗಿ ಹಾಡುತ್ತಿರುವಾಗ, ಬೆವರ್ಲಿ ಕುರಿಯ ತೊಡೆಯ ಮಾಂಸದ ದೊಡ್ಡ ತುಂಡನ್ನೇ ಗದೆಯಂತೆ ಎತ್ತಿ ಆಕೆಯ ತಲೆಗೆ ಹೊಡೆಯುತ್ತಾಳೆ. ರಿವೈಂಡ್ ಮಾಡದ ತಪ್ಪಿಗೆ ಮರಣದಂಡನೆ! ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಲ್ಲೂ ಬಾಡಿಗೆ ಕ್ಯಾಸೆಟ್ ತಂದು ಹಾಕಿದಾಗ ಕ್ಲೈಮ್ಯಾಕ್ಸ್ ಮೊದಲು ಕಂಡು ಹಲ್ಲು ಕಡಿದವರಿಗೆ ಆ ಸಿಟ್ಟಿನ ಬೀಜ ಗೊತ್ತು. ಶಿಕ್ಷೆ ಅಸಂಬದ್ಧ, ಸಿಟ್ಟು ಮಾತ್ರ ನಮ್ಮದೇ; ಇವೆರಡರ ನಡುವಿನ ಅಂತರ ಹೆಚ್ಚಿದಷ್ಟೂ ನಗು ಹೆಚ್ಚುತ್ತದೆ. ಪಾರ್ಕಿಂಗ್ ಜಾಗ ಕಸಿದವಳಿಗೆ ಅಶ್ಲೀಲ ಫೋನ್ ಕರೆ, ಮಗನ ಬಗ್ಗೆ ಹಗುರವಾಗಿ ಮಾತನಾಡಿದ ಗಣಿತದ ಮೇಷ್ಟ್ರ ಮೇಲೆ ಕಾರು: ಎಲ್ಲದರ ಲೆಕ್ಕಾಚಾರವೂ ಇದೇ. ಕೆಟ್ಟದಾಗಿ ತೆಗೆದ ಚಿತ್ರವಾದ್ದರಿಂದ ನಗು ಬರುತ್ತದೆ ಎನ್ನುವವರು ಈ ಅಳತೆಯನ್ನು ಗಮನಿಸಿಲ್ಲ. ಇದು ಆ ವರ್ಷದ ಕಾನ್ ಚಿತ್ರೋತ್ಸವದ ಸಮಾರೋಪಕ್ಕೆ ಆಯ್ಕೆಯಾದ ಚಿತ್ರ.

ನೀವು ಕೇಳದಿದ್ದರೂ ಬಿಳಿ ಬೂಟಿನ ವಿಷಯ ಹೇಳಲೇಬೇಕು, ಏಕೆಂದರೆ ಕೊನೆಯ ಕೊಲೆಯ ಕಾರಣ ನಮ್ಮವರಲ್ಲಿ ಅನೇಕರಿಗೆ ತಿಳಿಯುವುದೇ ಇಲ್ಲ. ತನ್ನನ್ನು ಖುಲಾಸೆ ಮಾಡಿದ ಜ್ಯೂರಿಯ (ನ್ಯಾಯಾಲಯದಲ್ಲಿ ತೀರ್ಪು ಕೊಡಲು ಕೂರುವ ಸಾಮಾನ್ಯ ನಾಗರಿಕರ ಮಂಡಳಿಯ) ಮಹಿಳೆಯನ್ನೇ ಬೆವರ್ಲಿ ಕೊಲ್ಲುತ್ತಾಳೆ. ಆಕೆಯ ತಪ್ಪೆಂದರೆ ಲೇಬರ್ ಡೇ ಕಳೆದ ಮೇಲೂ ಬಿಳಿ ಬೂಟು ಹಾಕಿಕೊಂಡದ್ದು. ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರ ಬರುವ ಆ ರಜಾದಿನಕ್ಕೆ ಅಮೆರಿಕನ್ನರ ಲೆಕ್ಕದಲ್ಲಿ ಬೇಸಿಗೆ ಮುಗಿಯಿತು, ಬೇಸಿಗೆಯ ಬಿಳಿ ಉಡುಪು ಪೆಟ್ಟಿಗೆ ಸೇರಬೇಕು ಎಂಬುದು ಹಳೆಯ ಶಿಷ್ಟಾಚಾರ. ಧನುರ್ಮಾಸದಲ್ಲಿ ಮದುವೆ ಇಟ್ಟುಕೊಂಡವರನ್ನು ನಮ್ಮ ಹಿರಿಯರು ನೋಡುವ ನೋಟವನ್ನು ನೆನೆಸಿಕೊಂಡರೆ ಬೆವರ್ಲಿಯ ಕಣ್ಣು ಅರ್ಥವಾಗುತ್ತದೆ.

ಆ ಬೂಟು ತೊಟ್ಟ ನಟಿ ಪ್ಯಾಟಿ ಹರ್ಸ್ಟ್. 1974ರಲ್ಲಿ ಸಶಸ್ತ್ರ ಗುಂಪೊಂದರಿಂದ ಅಪಹರಣಕ್ಕೊಳಗಾಗಿ, ಅದೇ ಗುಂಪಿನೊಡನೆ ಬ್ಯಾಂಕ್ ದರೋಡೆಯಲ್ಲಿ ಪಾಲ್ಗೊಂಡ ಆರೋಪದ ಮೇಲೆ 1976ರಲ್ಲಿ ಜ್ಯೂರಿಯಿಂದ ತಪ್ಪಿತಸ್ಥಳೆನಿಸಿದವಳು. ಪೂರ್ಣ ಕ್ಷಮಾದಾನ ಸಿಕ್ಕಿದ್ದು 2001ರಲ್ಲಿ. ಅಂಥವಳನ್ನು ಜ್ಯೂರಿಯ ಕುರ್ಚಿಯಲ್ಲಿ ಕೂರಿಸಿದ್ದು ವಾಟರ್ಸನ ಕುಚೇಷ್ಟೆ, ಮತ್ತು ಇಡೀ ಚಿತ್ರದಲ್ಲಿ ನಿಜ ಘಟನೆಯ ನೆರಳು ನಿಜವಾಗಿ ಬಿದ್ದಿರುವುದು ಅಲ್ಲಿ. ಪಬ್ಲಿಕ್ ಫೋನಿನ ಪಕ್ಕದಲ್ಲಿ ಸಿಕ್ಕಿಬಿದ್ದ ಆಕೆ, ಆ ಪದ್ಧತಿ ಈಗ ಹೋಗಿದೆ, ಫ್ಯಾಷನ್ ಬದಲಾಗಿದೆ ಎಂದು ಗೋಗರೆಯುತ್ತಾಳೆ. ಬದಲಾಗಿಲ್ಲವೆಂದು ಹೇಳಿ ಬೆವರ್ಲಿ ಫೋನಿನ ರಿಸೀವರ್ ಎತ್ತಿಕೊಳ್ಳುತ್ತಾಳೆ.