ಗೊತ್ತಿಲ್ಲದಿದ್ದರೆ ಬೇಡ ಅನ್ನಿ

ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಬೋರ್ಡ್, ಅದೇ ಒಂದು ಪುಟ್ಟ ಕಂಪ್ಯೂಟರ್. ಮಧ್ಯದಲ್ಲಿ ಉಗುರಿನಷ್ಟಗಲದ ಚಿಪ್, ಪಕ್ಕದಲ್ಲಿ ಮೆಮೊರಿ, ಅಂಚಿಗೆ ಎಸ್‌ಡಿ ಕಾರ್ಡ್ ತೂರಿಸುವ ಜಾಗ. ಅದಕ್ಕೆ ನಾನು ಕೊಟ್ಟಿದ್ದ ಕೆಲಸ ಇಷ್ಟೇ: ನಿಮಿಷಕ್ಕೊಮ್ಮೆ ಸೆನ್ಸರ್‌ನಿಂದ ತಾಪಮಾನ ಓದಿ ಬರೆದಿಟ್ಟುಕೊಳ್ಳುವುದು, ಕೇಳಿದಾಗ ನೆಟ್‌ವರ್ಕ್ ಮೂಲಕ ಕಳಿಸುವುದು. ತಯಾರಕರು ಕೊಟ್ಟಿದ್ದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಅದರ ಮೇಲೆ ಚೆನ್ನಾಗಿಯೇ ಓಡುತ್ತಿತ್ತು. ಆದರೂ ಸುಮ್ನೆ ಇರಲಾರದೆ, ಇದಕ್ಕೆ ಬೇಕಾದಷ್ಟೇ ಕರ್ನಲ್ ನಾನೇ ಕಟ್ಟಿಕೊಳ್ಳುತ್ತೇನೆ ಅಂತ ಕೂತೆ.

ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ನಾವು ಬಳಸುವ ಪ್ರೋಗ್ರಾಂಗಳು ಯಂತ್ರವನ್ನು ನೇರವಾಗಿ ಮುಟ್ಟುವುದಿಲ್ಲ. ಫೈಲ್ ತೆರೆಯಬೇಕೇ, ಮೆಮೊರಿ ಬೇಕೇ, ನೆಟ್‌ವರ್ಕಿಗೆ ಏನಾದರೂ ಕಳಿಸಬೇಕೇ, ಎಲ್ಲಕ್ಕೂ ಕರ್ನಲ್‌ನ ಹತ್ತಿರವೇ ಕೇಳಬೇಕು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಹೊರಬಿಟ್ಟ ಮೊದಲ ಲಿನಕ್ಸ್ ಕರ್ನಲ್ ಸುಮಾರು 10,000 ಸಾಲಿನದು. ಈಗ ಅದು 3 ಕೋಟಿ ಸಾಲು ದಾಟಿದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಡ್ರೈವರ್‌ಗಳದ್ದೇ, ಅಂದರೆ ಒಂದೊಂದು ಯಂತ್ರಭಾಗದ ಜೊತೆ ಹೇಗೆ ಮಾತಾಡಬೇಕು ಅಂತ ಬಲ್ಲ ತುಣುಕುಗಳು. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳು ಓಡುವುದು ಲಿನಕ್ಸ್ ಮೇಲೆ. 2021ರಲ್ಲಿ ಮಂಗಳ ಗ್ರಹದಲ್ಲಿ ಹಾರಿದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯುಯಿಟಿಯಲ್ಲಿ ಇದ್ದಿದ್ದೂ ಅದೇ. ಒಂದೇ ಗಂಟಿನಿಂದ ಇಷ್ಟು ತರದ ಯಂತ್ರಗಳಿಗೆ ಕರ್ನಲ್ ಹೊರಡಬೇಕಾದರೆ, ಯಾವುದು ಬೇಕು ಯಾವುದು ಬೇಡ ಅಂತ ಆರಿಸುವ ದಾರಿ ಇರಲೇಬೇಕಲ್ವಾ.

ಆ ದಾರಿ ಒಂದು ಮೆನು. ಮೇಕ್ ಮೆನುಕಾನ್ಫಿಗ್ ಅಂತ ಟೈಪ್ ಮಾಡಿದರೆ ನೀಲಿ ತೆರೆಯ ಮೇಲೆ ಸಾಲು ಸಾಲು ಆಯ್ಕೆಗಳು ಬರುತ್ತವೆ. ಒಂದರೊಳಗೆ ಹೊಕ್ಕರೆ ಇನ್ನಷ್ಟು, ಅದರೊಳಗೆ ಮತ್ತಷ್ಟು. ಎಲ್ಲ ಸೇರಿ 15,000ಕ್ಕೂ ಹೆಚ್ಚು. ಬಹಳಷ್ಟಕ್ಕೆ ಮೂರು ಉತ್ತರ ಕೊಡಬಹುದು. ವೈ ಅಂದರೆ ಕರ್ನಲ್ ಒಳಗೇ ಸೇರಿಸು. ಎನ್ ಅಂದರೆ ಬೇಡ. ಎಂ ಅಂದರೆ ಮಾಡ್ಯೂಲ್ ಆಗಿ ಬೇರೆ ಫೈಲ್‌ನಲ್ಲಿಡು, ಬೇಕೆನಿಸಿದಾಗ ಕರೆದುಕೊಳ್ಳುತ್ತೇನೆ.

15,000 ಅಂದರೆ ಎಷ್ಟು ಅಂತ ಅಂದಾಜಾಗಬೇಕಾದರೆ ಒಂದು ಲೆಕ್ಕ ನೋಡಿ. ಬೇಕು, ಬೇಡ ಎನ್ನುವ ಬರೀ 270 ಸ್ವಿಚ್‌ಗಳಿದ್ದರೂ ಸಾಕು, ಅವನ್ನು ಜೋಡಿಸಬಹುದಾದ ಬಗೆಗಳ ಸಂಖ್ಯೆ ನಮಗೆ ಕಾಣುವ ವಿಶ್ವದ ಪರಮಾಣುಗಳ ಅಂದಾಜನ್ನು ದಾಟುತ್ತದೆ. ಹಾಗಾಗಿ ಎಲ್ಲ ಜೋಡಣೆಗಳನ್ನೂ ಪರೀಕ್ಷೆ ಮಾಡಿ ನೋಡಿದವರು ಯಾರೂ ಇಲ್ಲ, ಮುಂದೆ ಹುಟ್ಟುವುದೂ ಇಲ್ಲ. ಕರ್ನಲ್ ಬರೆಯುವವರು ಆಯ್ಕೆಗಳನ್ನು ಕಂಪ್ಯೂಟರಿನಿಂದ ಯದ್ವಾತದ್ವಾ ಹಾಕಿಸಿ, ಕಂಪೈಲ್ ಆದರೂ ಆಗುತ್ತದಾ, ಅಂದರೆ ಬರೆದ ಕೋಡ್ ಯಂತ್ರ ಓಡಿಸಬಲ್ಲ ರೂಪಕ್ಕಾದರೂ ಬರುತ್ತದಾ ಅಂತ ನೋಡುತ್ತಿರುತ್ತಾರೆ. ನೀವು ಆರಿಸಿದ ಜೋಡಣೆಯನ್ನು ಬೂಟ್ ಮಾಡಿ, ಅಂದರೆ ಅದರಿಂದ ಯಂತ್ರವನ್ನು ಎಬ್ಬಿಸಿ ನೋಡುವ ಮೊದಲ ಮನುಷ್ಯ ನೀವೇ ಆಗಿರುವ ಸಾಧ್ಯತೆ ತುಂಬಾನೇ ಇದೆ.

ಒಂದೊಂದು ಆಯ್ಕೆಗೂ ಚಿಕ್ಕ ವಿವರಣೆ ಇರುತ್ತದೆ. ಎಷ್ಟೋ ವಿವರಣೆಗಳ ಕೊನೆಯ ಸಾಲು ಒಂದೇ: ಗೊತ್ತಿಲ್ಲದಿದ್ದರೆ ಎನ್ ಅನ್ನಿ. ಮೊದಲ ಸಲ ಓದಿದಾಗ ಇದು ಹಿರಿಯರ ಮಾತಿನ ಹಾಗೆ ಹಿತವಾಗಿತ್ತು. ನನಗೆ ಗೊತ್ತಿಲ್ಲದ್ದು ಬೇಕಾದಷ್ಟಿತ್ತು. ಅದಕ್ಕೇ ಎಲ್ಲದಕ್ಕೂ ಬೇಡ ಅಂದಿರುವ ಟೈನಿಕಾನ್ಫಿಗ್ ಎಂಬ ಸಿದ್ಧ ಪಟ್ಟಿಯಿಂದಲೇ ಶುರು ಮಾಡಿದೆ. ನನ್ನ ಚಿಪ್ ಯಾವ ಕುಟುಂಬದ್ದು ಅಂತ ಆರಿಸಿ, ನೆನಪಾದ ನಾಲ್ಕಾರು ಡ್ರೈವರ್ ಸೇರಿಸಿ, ಕಂಪೈಲ್ ಮಾಡಿದೆ. ಕರ್ನಲ್ ಎಷ್ಟು ಚಿಕ್ಕದಾಗಿತ್ತೆಂದರೆ ನನಗೇ ಹೆಮ್ಮೆ ಆಯಿತು.

ಇಂಥ ಬೋರ್ಡಿಗೆ ಪರದೆ ಇರುವುದಿಲ್ಲ. ಅದರ ಮಾತು ಕೇಳಬೇಕೆಂದರೆ ಮೂರು ತಂತಿ ಬೇಕು: ಕಳಿಸುವುದು, ಪಡೆಯುವುದು, ಗ್ರೌಂಡ್. ಅದು ಕಳಿಸುವ ಪಿನ್ನು ನಮ್ಮ ಲ್ಯಾಪ್‌ಟಾಪಿನ ಕಡೆ ಪಡೆಯುವ ಪಿನ್ನಿಗೆ ಹೋಗಬೇಕು. ಇದನ್ನು ಅದಲುಬದಲು ಮಾಡದವರು ಈ ಕೆಲಸಕ್ಕೆ ಕೈ ಹಾಕೇ ಇಲ್ಲ ಅಂತ ನನ್ನ ಅನುಮಾನ. ವೇಗ ಸೆಕೆಂಡಿಗೆ 115200 ಬಿಟ್‌ಗೆ ಇಟ್ಟು ಕಾದು ಕೂತೆ. ಕರ್ನಲ್ ಎಬ್ಬಿಸುವ ಪುಟ್ಟ ಪ್ರೋಗ್ರಾಂ ಬೂಟ್‌ಲೋಡರ್ ಬಂತು, ಎಸ್‌ಡಿ ಕಾರ್ಡಿನಿಂದ ಕರ್ನಲ್ ಎತ್ತಿಕೊಂಡಿತು. ಸ್ಟಾರ್ಟಿಂಗ್ ಕರ್ನಲ್ ಅಂತ ಒಂದು ಸಾಲು ಬಂತು, ಮುಂದೆ ಮೂರು ಚುಕ್ಕೆ. ಆಮೇಲೆ ಏನೂ ಇಲ್ಲ.

ಆ ಮೂರು ಚುಕ್ಕೆಯನ್ನು ನೋಡುತ್ತಾ ಒಂದು ಸಂಜೆ ಪೂರ್ತಿ ಕಳೆದೆ. ತಂತಿ ಬದಲಿಸಿದೆ, ಕಾರ್ಡ್ ಬದಲಿಸಿದೆ. ಕೊನೆಗೆ ಗೊತ್ತಾಯಿತು, ಕರ್ನಲ್ ಸಂದೇಶ ಬರೆಯುವ ಪ್ರಿಂಟ್‌ಕೆ ಅನ್ನುವ ಸೌಲಭ್ಯವೇ ಟೈನಿಕಾನ್ಫಿಗ್‌ನಲ್ಲಿ ಇರುವುದಿಲ್ಲ. ಬಾಯಿಯನ್ನೇ ಹೊಲಿದು, ಏನಾಯ್ತು ಹೇಳು ಅಂತ ಕೇಳುತ್ತಿದ್ದೆ. ಪ್ರಿಂಟ್‌ಕೆ ವಿವರಣೆಯನ್ನು ತೆಗೆದು ಓದಿದರೆ, ಇದಕ್ಕೆ ಎನ್ ಅನ್ನುವುದು ಖಂಡಿತ ಬೇಡ, ತೊಂದರೆ ಏನೆಂದು ಪತ್ತೆ ಮಾಡುವುದು ಬಹಳ ಕಷ್ಟವಾಗುತ್ತದೆ ಅಂತ ಅಲ್ಲೇ ಬರೆದಿದೆ.

ಎರಡನೇ ಸಲ ಸಾಲುಗಳು ದಡದಡ ಇಳಿದವು. ಮೆಮೊರಿ ಸಿಕ್ಕಿತು, ಗಡಿಯಾರ ಸಿಕ್ಕಿತು. ಕೊನೆಗೆ ಕರ್ನಲ್ ಪ್ಯಾನಿಕ್. ಅಂದರೆ ಕರ್ನಲ್ ಕೈ ಚೆಲ್ಲಿ ಕೂತಿದೆ. ಅದರ ದೂರು: ರೂಟ್ ಫೈಲ್ ಸಿಸ್ಟಂ, ಅಂದರೆ ಉಳಿದ ಫೈಲ್‌ಗಳೆಲ್ಲ ಇರುವ ಜಾಗ, ಸಿಗುತ್ತಿಲ್ಲ. ತನಗೆ ಕಂಡ ಡಿಸ್ಕ್ ಭಾಗಗಳ ಪಟ್ಟಿ ಕೊಡುತ್ತೇನೆ ಅಂತ ಒಂದು ತಲೆಬರಹವನ್ನೂ ಹಾಕಿತ್ತು. ಅದರ ಕೆಳಗೆ ಖಾಲಿ.

ಕಾರ್ಡ್ ಅಲ್ಲೇ ಇದೆ. ಈಗ ತಾನೇ ಅದೇ ಕಾರ್ಡಿನಿಂದ ಕರ್ನಲ್ ಬಂದಿದೆ. ಆದರೆ ಅದನ್ನು ಓದಿದ್ದು ಬೂಟ್‌ಲೋಡರ್, ತನ್ನದೇ ಡ್ರೈವರ್ ಬಳಸಿ. ಕರ್ನಲ್‌ಗೆ ನಿಯಂತ್ರಣ ಬಿಟ್ಟುಕೊಟ್ಟ ಮೇಲೆ ಅದರ ಆಟ ಮುಗಿಯಿತು. ಕರ್ನಲ್ ಮತ್ತೆ ಮೊದಲಿಂದ ಎಲ್ಲವನ್ನೂ ತಾನೇ ಹುಡುಕಿಕೊಳ್ಳಬೇಕು. ಎಸ್‌ಡಿ ಕಾರ್ಡಿನ ಡ್ರೈವರಿಗೆ ನಾನು ಎಂ ಅಂದಿದ್ದೆ. ಹಾಗಾಗಿ ಅದು ಮಾಡ್ಯೂಲ್ ಆಗಿ ಬೇರೆ ಫೈಲ್‌ನಲ್ಲಿ ಇತ್ತು. ಆ ಫೈಲ್ ಎಲ್ಲಿತ್ತು? ಎಸ್‌ಡಿ ಕಾರ್ಡಿನಲ್ಲಿ. ಕಾರ್ಡ್ ಓದಲು ಡ್ರೈವರ್ ಬೇಕು, ಡ್ರೈವರ್ ಸಿಗಲು ಕಾರ್ಡ್ ಓದಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ದೊಡ್ಡ ಕಂಪ್ಯೂಟರ್‌ಗಳಲ್ಲಿ ಇದಕ್ಕೆ ಇನಿಟ್‌ರಾಮ್‌ಎಫ್‌ಎಸ್ ಅಂತ ಒಂದು ಪುಟ್ಟ ಗಂಟನ್ನು ಕರ್ನಲ್ ಜೊತೆಗೇ ಮೆಮೊರಿಗೆ ಕಳಿಸುತ್ತಾರೆ. ಮೊದಮೊದಲಿಗೆ ಬೇಕಾದ ಮಾಡ್ಯೂಲ್‌ಗಳು ಅದರೊಳಗಿರುತ್ತವೆ. ಒಂದೇ ಬೋರ್ಡಿಗೆ, ಒಂದೇ ಕಾರ್ಡಿಗೆ ಅಷ್ಟೆಲ್ಲ ಯಾಕೆ? ಎಂ ಅಳಿಸಿ ವೈ ಒತ್ತಿದೆ. ಹೋಯಿತು.

ಮೂರನೆಯದು ಚಿಕ್ಕದು. ಮೊದಲು ಓಡಬೇಕಾದ ಪ್ರೋಗ್ರಾಂ ಇದೆ, ಆದರೆ ನಡೆಸಲಾಗುತ್ತಿಲ್ಲ, ದೋಷ ಸಂಖ್ಯೆ -8 ಅಂತ ಬಂತು. ನಾನು ಬರೆದಿದ್ದು ಶೆಲ್ ಸ್ಕ್ರಿಪ್ಟ್, ಅಂದರೆ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಪಠ್ಯದ ಫೈಲ್. ಮೊದಲ ಸಾಲಿನಲ್ಲಿ ಹ್ಯಾಷ್ ಮತ್ತು ಉದ್ಗಾರ ಚಿಹ್ನೆ ಇರುವ ಫೈಲ್‌ಗಳನ್ನು ನಡೆಸುವುದು ಹೇಗೆ ಎಂಬ ತಿಳಿವಳಿಕೆಯೂ ಕರ್ನಲ್‌ನಲ್ಲಿ ಒಂದು ಆಯ್ಕೆ, ಅದನ್ನೂ ಬೇಡ ಅನ್ನಬಹುದು ಅಂತ ಯಾರಿಗೆ ಗೊತ್ತಿತ್ತು!

ಅಲ್ಲಿಗೆ ನನಗೆ ಒಂದು ವಿಷಯ ಅರ್ಥ ಆಗಿತ್ತು. ಬೇಕು ಅನ್ನಲು ಏನೂ ಗೊತ್ತಿರಬೇಕಿಲ್ಲ. ಜಾಸ್ತಿ ಅಂದರೆ ಕರ್ನಲ್ ಸ್ವಲ್ಪ ದಪ್ಪ ಆಗುತ್ತದೆ. ಬೇಡ ಅನ್ನಬೇಕಾದರೆ ಅದು ಎಲ್ಲೆಲ್ಲಿ ಕೆಲಸ ಮಾಡುತ್ತಿತ್ತು ಅನ್ನುವುದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಎನ್ ಅನ್ನಿ ಎಂಬ ಸಲಹೆ ಕೊಟ್ಟವರು ಒಂದೊಂದು ಡ್ರೈವರ್ ಬರೆದವರು. ತಮ್ಮ ಡ್ರೈವರ್ ಹೆಚ್ಚಿನವರಿಗೆ ಬೇಕಾಗಿಲ್ಲ ಅಂತ ಅವರು ಪ್ರಾಮಾಣಿಕವಾಗಿಯೇ ಹೇಳಿದ್ದಾರೆ. ಅದನ್ನು ಇಡೀ ಮೆನುಗೆ ಅನ್ವಯಿಸಿದ್ದು ನನ್ನ ತಪ್ಪು.

ಹಾಗಾದರೆ ಕತ್ತರಿಸುವುದೇ ಯಾಕೆ? ಕರ್ನಲ್ ಚಿಕ್ಕದಾದರೆ ಕಂಪ್ಯೂಟರ್ ವೇಗವಾಗುತ್ತದೆ ಅನ್ನುವ ನಂಬಿಕೆ ಹಳೆಯದು. ನನ್ನ ಪ್ರಕಾರ ಅದು ಬಹುಮಟ್ಟಿಗೆ ಭ್ರಮೆ. ಯಾರೂ ಕರೆಯದ ಕೋಡ್ ತನ್ನ ಪಾಡಿಗೆ ಮಲಗಿರುತ್ತದೆ, ಓಡುವವರಿಗೆ ಅಡ್ಡ ಬರುವುದಿಲ್ಲ. ನಿಜವಾದ ಕಾರಣಗಳು ಬೇರೆ. ಕರ್ನಲ್ ಕೂತ ಮೆಮೊರಿ ಬಹುಮಟ್ಟಿಗೆ ತೆರವಾಗುವುದಿಲ್ಲ. ಪ್ರೋಗ್ರಾಂಗಳನ್ನಾದರೆ ಸ್ವಲ್ಪ ಹೊತ್ತು ಡಿಸ್ಕಿಗೆ ಎತ್ತಿಡಬಹುದು, ಕರ್ನಲ್‌ನ ಕೋಡನ್ನು ಹಾಗೆ ಎತ್ತಿಡುವ ಹಾಗಿಲ್ಲ. 32 ಎಂಬಿ ಮೆಮೊರಿಯ ರೌಟರ್‌ನಲ್ಲಿ ಒಂದೊಂದು ಎಂಬಿಗೂ ಬೆಲೆ ಇದೆ. ಇನ್ನೊಂದು, ಇಲ್ಲದ ಯಂತ್ರಭಾಗಗಳನ್ನು ಹುಡುಕುತ್ತಾ ಕೂರದಿದ್ದರೆ ಬೂಟ್ ಬೇಗ ಮುಗಿಯುತ್ತದೆ. ಮತ್ತೆ, ಒಳಗೆ ಇಲ್ಲದ ಕೋಡಿನ ದೋಷ ಹಿಡಿದು ಯಾರೂ ಒಳಗೆ ನುಗ್ಗಲಾರರು.

ಮೆನುವಿನ ಸ್ವಭಾವದ ಬಗ್ಗೆಯೂ ಎರಡು ಮಾತು ಹೇಳಬೇಕು. ಹುಡುಕುತ್ತಿರುವ ಡ್ರೈವರ್ ಕಾಣದಿದ್ದರೆ ಅದು ಇಲ್ಲ ಅಂತಲ್ಲ. ಅದು ನೆಚ್ಚಿಕೊಂಡ ಇನ್ನೊಂದು ಆಯ್ಕೆಗೆ ಮೊದಲೇ ಬೇಡ ಅಂದಿದ್ದೀರಿ, ಅದಕ್ಕೇ ಇದು ಮುಖ ತೋರಿಸುತ್ತಿಲ್ಲ. ಓರೆಗೆರೆ ಒತ್ತಿ ಹೆಸರು ಹುಡುಕಿದರೆ ಯಾವುದಕ್ಕೆ ಯಾವುದು ಬೇಕು ಅಂತ ಪಟ್ಟಿ ಬರುತ್ತದೆ. ಇನ್ನು ನಿಮ್ಮ ಉತ್ತರಗಳೆಲ್ಲ ಸೇರುವುದು ಒಂದು ಸಾದಾ ಪಠ್ಯದ ಫೈಲಿಗೆ. ಅದರ ಒಂದು ವಿಚಿತ್ರ ನನಗೆ ಬಹಳ ಇಷ್ಟ. ಪ್ರೋಗ್ರಾಂಗಳ ಲೋಕದಲ್ಲಿ ಹ್ಯಾಷ್ ಚಿಹ್ನೆಯಿಂದ ಶುರುವಾಗುವ ಸಾಲು ಸಾಮಾನ್ಯವಾಗಿ ಬರೀ ಟಿಪ್ಪಣಿ, ಯಂತ್ರ ಅದನ್ನು ಓದುವುದಿಲ್ಲ. ಇಲ್ಲಿ ಮಾತ್ರ, ಇಂಥ ಆಯ್ಕೆ ಹಾಕಿಲ್ಲ ಎಂಬ ಹ್ಯಾಷ್ ಸಾಲಿಗೂ ಬೆಲೆ ಇದೆ. ಅದನ್ನು ಅಳಿಸಿಬಿಟ್ಟರೆ ಮುಂದಿನ ಸಲ ಆ ಪ್ರಶ್ನೆ ಮತ್ತೆ ಎದುರಾಗಬಹುದು. ಬೇಡ ಅಂದಿದ್ದು ಬೇರೆ, ಏನೂ ಹೇಳದೆ ಬಿಟ್ಟಿದ್ದು ಬೇರೆ.

ನನ್ನ ಬೋರ್ಡ್ ಅಂತೂ ಎದ್ದು ಕೂತಿತು. ಆದರೆ ತಾಪಮಾನದ ಸೆನ್ಸರ್ ಮಾತ್ರ ಇಲ್ಲವೇ ಇಲ್ಲ. ಡ್ರೈವರಿಗೆ ವೈ ಅಂದಿದ್ದೆ, ಎರಡೆರಡು ಸಲ ನೋಡಿಕೊಂಡಿದ್ದೆ. ಇದು ಪುಟ್ಟ ಕಂಪ್ಯೂಟರ್‌ಗಳ ವಿಶೇಷ. ಯುಎಸ್‌ಬಿಗೆ ಏನಾದರೂ ಚುಚ್ಚಿದರೆ ಅದು ತಾನು ಯಾರು, ಯಾವ ಕಂಪನಿಯದು ಅಂತ ತಾನೇ ಹೇಳಿಕೊಳ್ಳುತ್ತದೆ. ಐ2ಸಿ ಎನ್ನುವ ಎರಡು ತಂತಿಯ ಸಾಲಿನಲ್ಲಿ ನೇತಾಡುವ ಸೆನ್ಸರ್ ಹಾಗಲ್ಲ. ಅದರ ವಿಳಾಸ ಹಿಡಿದು ಕರೆದರೆ ಹೂಂ ಅನ್ನುತ್ತದೆ ಅಷ್ಟೆ, ಹೆಸರು ಹೇಳುವುದಿಲ್ಲ. ಹಾಗಾಗಿ ಯಾವ ವಿಳಾಸದಲ್ಲಿ ಯಾರಿದ್ದಾರೆ ಅಂತ ಕರ್ನಲ್‌ಗೆ ಮೊದಲೇ ಬರೆದು ಕೊಡಬೇಕು. ಆ ಚೀಟಿಗೆ ಡಿವೈಸ್ ಟ್ರೀ ಅಂತ ಹೆಸರು. ಡ್ರೈವರ್ ಅಂದರೆ ಕೆಲಸ ಬಲ್ಲವನು, ಡಿವೈಸ್ ಟ್ರೀ ಅಂದರೆ ಅವನಿಗೆ ಕೊಡುವ ವಿಳಾಸ. ಕೆಲಸದವನನ್ನು ಕರೆಸಿ, ವಿಳಾಸ ಕೊಡದೆ ಕೂರಿಸಿದ್ದೆ.

ಮೊದಲು ಆರ್ಮ್ ಎಂಬ ಬಗೆಯ ಚಿಪ್‌ಗಳ ಬೋರ್ಡ್‌ಗಳಲ್ಲಿ ಈ ವಿವರಗಳನ್ನು ಸಿ ಭಾಷೆಯಲ್ಲಿ ಕರ್ನಲ್ ಒಳಗೇ ಬರೆಯುತ್ತಿದ್ದರು. ಬೋರ್ಡಿಗೊಂದು ಫೈಲ್. ಬೋರ್ಡ್‌ಗಳು ಹೆಚ್ಚಾದ ಹಾಗೆ ಫೈಲ್‌ಗಳೂ ಬೆಳೆದವು. 2011ರಲ್ಲಿ ಟೊರ್ವಾಲ್ಡ್ಸ್ ರೇಗಿದರು. ಆಮೇಲೆ ಆರ್ಮ್ ಕಡೆಯವರು ಡಿವೈಸ್ ಟ್ರೀಗೆ ಹೊರಳಿದರು. ಈಗ ಒಂದೇ ಕರ್ನಲ್, ಚೀಟಿ ಮಾತ್ರ ಬೇರೆ ಬೇರೆ.

ಕತ್ತರಿಸುವ ಹುಚ್ಚು ಹತ್ತಿದ ಮೇಲೆ ನನ್ನ ಕಣ್ಣು ಬಿದ್ದಿದ್ದು ಕಾಲ್‌ಸಿಮ್ಸ್ ಮೇಲೆ. ಕರ್ನಲ್‌ನ ಒಳಗಿನ ಫಂಕ್ಷನ್‌ಗಳ, ಅಂದರೆ ಒಂದೊಂದು ಕೆಲಸ ಮಾಡುವ ಕೋಡ್ ತುಣುಕುಗಳ, ಹೆಸರಿನ ಪಟ್ಟಿ ಅದು. ತೆಗೆದರೆ ನೂರಾರು ಕೆಬಿ ಉಳಿತಾಯ. ಆದರೆ ಆಮೇಲೆ ಏನಾದರೂ ಕೆಟ್ಟರೆ ಯಾವ ಫಂಕ್ಷನ್‌ನಲ್ಲಿ ಕೆಟ್ಟಿತು ಎನ್ನುವ ಬದಲು ಬರೀ ಅಂಕಿಗಳ ಸಾಲು ಕಾಣುತ್ತದೆ. ತೆಗೆಯಬೇಕು ಅಂತ ಹೊರಟವನ ಕೈ ತಡೆದಿದ್ದು ಒಂದು ಹಳೆಯ ಕಥೆ.

1997ರ ಜುಲೈ 4ರಂದು ಪಾತ್‌ಫೈಂಡರ್ ನೌಕೆ ಮಂಗಳದ ಮೇಲೆ ಇಳಿಯಿತು. ಅದರ ಕಂಪ್ಯೂಟರಿನ ವೇಗ 20 ಮೆಗಾಹರ್ಟ್ಸ್. ಅದರಲ್ಲಿದ್ದಿದ್ದು ಲಿನಕ್ಸ್ ಅಲ್ಲ, ವಿಎಕ್ಸ್‌ವರ್ಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ. ಇಳಿದ ಕೆಲವೇ ದಿನಗಳಲ್ಲಿ ಕಂಪ್ಯೂಟರ್ ಇದ್ದಕ್ಕಿದ್ದ ಹಾಗೆ ರೀಸೆಟ್ ಆಗತೊಡಗಿತು. ಕಾರಣ ಹೀಗಿತ್ತು. ಹವಾಮಾನದ ಲೆಕ್ಕ ತೆಗೆದುಕೊಳ್ಳುವ ಕೆಲಸಕ್ಕೆ ಆದ್ಯತೆ ಕಡಿಮೆ. ಮಾಹಿತಿ ಸಾಗಿಸುವ ಬಸ್ಸನ್ನು ನೋಡಿಕೊಳ್ಳುವ ಕೆಲಸಕ್ಕೆ ಆದ್ಯತೆ ಜಾಸ್ತಿ. ಇಬ್ಬರಿಗೂ ಬೇಕಾದ, ಆದರೆ ಒಂದು ಸಲಕ್ಕೆ ಒಬ್ಬರೇ ಹಿಡಿಯಬಹುದಾದ ಬೀಗವೊಂದಿತ್ತು. ಬೀಗ ಹಿಡಿದ ಚಿಕ್ಕವನನ್ನು ನಡುವಿನ ಆದ್ಯತೆಯ ಬೇರೆ ಕೆಲಸ ಪಕ್ಕಕ್ಕೆ ತಳ್ಳಿತು. ಅವನು ಬೀಗ ಬಿಡಲಿಲ್ಲ, ದೊಡ್ಡವನು ಕಾದ. ಸಮಯಕ್ಕೆ ಸರಿಯಾಗಿ ಕೆಲಸ ಆಗದ್ದನ್ನು ಕಂಡು ಕಾವಲಿನ ವ್ಯವಸ್ಥೆ ಇಡೀ ಕಂಪ್ಯೂಟರನ್ನು ರೀಸೆಟ್ ಮಾಡಿತು. ದೊಡ್ಡವನು ಕಾಯುತ್ತಿರುವಾಗ ಬೀಗ ಹಿಡಿದವನಿಗೂ ಅದೇ ದೊಡ್ಡ ಆದ್ಯತೆ ಕೊಡುವ ಸೌಲಭ್ಯ ವಿಎಕ್ಸ್‌ವರ್ಕ್ಸ್‌ನಲ್ಲಿ ಆಗಲೇ ಇತ್ತು. ಹೌದು, ಅಲ್ಲ ಅನ್ನುವ ಒಂದು ಆಯ್ಕೆ. ಅಲ್ಲ ಅಂತ ಇತ್ತು. ಎಂಜಿನಿಯರುಗಳು ಭೂಮಿಯ ಮೇಲಿನ ಜೋಡಿ ಯಂತ್ರದಲ್ಲಿ ತೊಂದರೆಯನ್ನು ಮತ್ತೆ ಹುಟ್ಟಿಸಿ ಕಾರಣ ಹಿಡಿದರು, ಇಲ್ಲಿಂದಲೇ ಆ ಸ್ವಿಚ್ ಬದಲಿಸಿದರು. ಇದು ಸಾಧ್ಯವಾಗಿದ್ದು ದೋಷ ಹುಡುಕುವ ಸಲಕರಣೆಗಳನ್ನು ಹಾರುವ ಮುಂಚೆ ಕಿತ್ತುಹಾಕದೆ ಹಾಗೇ ಬಿಟ್ಟಿದ್ದರಿಂದ.

ಕಾಲ್‌ಸಿಮ್ಸ್ ಉಳಿಯಿತು. ಅದರ ಜೊತೆಗೆ ಇನ್ನೊಂದು ಆಯ್ಕೆಗೆ ವೈ ಅಂದೆ. ಹೆಸರು ಐಕೆಕಾನ್ಫಿಗ್. ನೀವು ಆರಿಸಿದ ಉತ್ತರಗಳ ಫೈಲನ್ನೇ ಅದು ಒತ್ತಿ ಚಿಕ್ಕದು ಮಾಡಿ ಕರ್ನಲ್ ಹೊಟ್ಟೆಯೊಳಗೆ ಇಟ್ಟುಬಿಡುತ್ತದೆ. ಕೆಲವು ಕೆಬಿ ದಂಡ, ಏನು ಮಹಾ ಉಪಯೋಗ ಅಂತ ಆಗ ಅನಿಸಿತ್ತು. ಮುಂದೆ ಒಂದು ದಿನ ನನ್ನ ಲ್ಯಾಪ್‌ಟಾಪಿನ ಡಿಸ್ಕ್ ಕೈಕೊಟ್ಟಿತು. ಆ ಸಂಜೆಗಳ ಕೆಲಸವೆಲ್ಲ ಅದರಲ್ಲೇ ಇತ್ತು. ಬೋರ್ಡ್ ಮಾತ್ರ ತನ್ನ ಪಾಡಿಗೆ ತಾಪಮಾನ ಓದುತ್ತಲೇ ಇತ್ತು. ಮೂರು ತಂತಿ ಸಿಕ್ಕಿಸಿ, ಒಳಗಿನ ಆ ಫೈಲನ್ನು ತೆರೆಯಲು ಹೇಳಿದೆ. 115200ರ ವೇಗದಲ್ಲಿ ಸಾಲುಗಳು ಇಳಿಯತೊಡಗಿದವು. ಹ್ಯಾಷ್, ಹಾಕಿಲ್ಲ. ಹ್ಯಾಷ್, ಹಾಕಿಲ್ಲ. ನಡುವೆ ಎಲ್ಲೋ ಪ್ರಿಂಟ್‌ಕೆ ಸಾಲು ಹಾದುಹೋಯಿತು, ವೈ ಅಂತಲೇ ಇತ್ತು.