ಮೊಲದ ಕಿವಿ: ಎಷ್ಟು ಒರೆಸಬೇಕು, ಎಲ್ಲಿ ನಿಲ್ಲಿಸಬೇಕು

ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಹೋದ ಮಳೆಗಾಲ. ಹಾಸನದಲ್ಲಿ ಮೂರು ದಿನದಿಂದ ಬಿಸಿಲೇ ಬಿದ್ದಿರಲಿಲ್ಲ. ನಮ್ಮ ಜೋಲುಕಿವಿ ಮೊಲದ ಕಿವಿಯೊಳಗೆ ಹಳದಿ ಗುಗ್ಗೆ ಕಂಡಿತು. ತೆಗೆದುಬಿಡೋಣ ಅಂತ ಇಯರ್‌ಬಡ್ ತೂರಿಸಿದೆ. ತುದಿಗೆ ಚೂರು ಅಂಟಿಕೊಂಡು ಬಂತು, ಖುಷಿಯಾಯಿತು. ಮಾರನೇ ದಿನದಿಂದ ಮೊಲ ತಲೆ ಕೊಡವುತ್ತಲೇ ಇತ್ತು. ಡಾಕ್ಟರು ಲೈಟ್ ಬಿಟ್ಟು ನೋಡಿ, ‘ಈಚೆ ಬಂದದ್ದಕ್ಕಿಂತ ಒಳಗೆ ಹೋದದ್ದೇ ಜಾಸ್ತಿ’ ಅಂದರು.

ಯಾಕೆ ಹೀಗಾಗುತ್ತದೆ ಅಂತ ತಿಳಿಯಬೇಕಾದರೆ ಕಿವಿಯ ನಾಳ ಹೇಗಿದೆ ಅಂತ ನೋಡಬೇಕು. ಅದು ಮೊದಲು ಕೆಳಕ್ಕೆ ಇಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ. ಕಿವಿತಮಟೆ ಇರುವುದು ಆ ತಿರುವಿನ ಆಚೆ. ನಾವು ಮೇಲಿಂದ ಬಡ್ ಹಾಕಿದರೆ ಗುಗ್ಗೆ ತಿರುವಿನಲ್ಲಿ ಹೋಗಿ ಗಿಡಿದುಕೊಳ್ಳುತ್ತದೆ. ಸುಮ್ನೆ ಬಿಟ್ಟಿದ್ದರೆ ತಾನಾಗಿಯೇ ಮೇಲೆ ಬರುತ್ತಿತ್ತು. ನಾಳದ ಚರ್ಮ ನಿಧಾನಕ್ಕೆ ಹೊರಗಡೆಗೆ ಬೆಳೆಯುತ್ತಾ ಗುಗ್ಗೆಯನ್ನೂ ಹೊತ್ತು ತರುತ್ತದೆ. ಉಳಿದ ಕೆಲಸ ಮೊಲದ್ದು. ಹಿಂಗಾಲಿನಿಂದ ಕಿವಿ ಕೆರೆದುಕೊಂಡು, ಆ ಕಾಲನ್ನೇ ನೆಕ್ಕಿಕೊಳ್ಳುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಜೋಲುಕಿವಿಯ ಮೊಲಕ್ಕೆ ಈ ಅನುಕೂಲ ಇಲ್ಲ. ಕಿವಿ ಬುಡದಲ್ಲೇ ಮಡಚಿಕೊಳ್ಳುವುದರಿಂದ ನಾಳ ಅಲ್ಲಿ ಕಿರಿದಾಗುತ್ತದೆ, ನೀರಿನ ಪೈಪನ್ನು ಮಡಚಿ ಹಿಡಿದ ಹಾಗೆ. ಗುಗ್ಗೆ ಅಲ್ಲೇ ನಿಲ್ಲುತ್ತದೆ, ಗಾಳಿ ಆಡುವುದಿಲ್ಲ, ಸೋಂಕು ಬೇಗ ಹಿಡಿಯುತ್ತದೆ. ಇನ್ನೊಂದನ್ನು ಗುರುತು ಹಾಕಿಕೊಳ್ಳಿ. ನಾಳದ ಬಾಯಿಯ ಪಕ್ಕದಲ್ಲೇ ಒಂದು ಕುರುಡು ಗುಳಿ, ಅಂದರೆ ಮುಂದಕ್ಕೆ ದಾರಿಯಿಲ್ಲದ ಗುಳಿ, ಇರುತ್ತದೆ. ಹೊಸಬರು ಅದನ್ನೇ ನಾಳ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ.

ಹಾಗಾಗಿ ವಾರಕ್ಕೊಮ್ಮೆ ನೋಡಿದರೆ ಸಾಕು. ಒರೆಸುವುದು ಬೇಕೆನಿಸಿದಾಗ ಮಾತ್ರ. ಕಿವಿಯ ಒಳಭಾಗ ತೆಳು ಗುಲಾಬಿ ಬಣ್ಣಕ್ಕಿದ್ದು, ಸ್ವಲ್ಪ ಹಳದಿ ಗುಗ್ಗೆ ಇದ್ದು, ವಾಸನೆ ಇಲ್ಲದಿದ್ದರೆ ಮುಟ್ಟಲೇಬೇಡಿ. ಬಿಳಿ ಬಣ್ಣದ ಗಟ್ಟಿ ಬೆಣ್ಣೆಯಂಥದ್ದು ಕಂಡರೆ ಹುಷಾರು. ಮೊಲದ ಕೀವು ನಮ್ಮದರ ಹಾಗೆ ನೀರಾಗಿ ಸುರಿಯುವುದಿಲ್ಲ, ಮುದ್ದೆಯಾಗಿ ಕೂರುತ್ತದೆ. ಗುಗ್ಗೆ ಅಂತ ಅದನ್ನು ಒರೆಸುತ್ತಾ ಕೂತರೆ ಕಾಯಿಲೆ ಒಳಗೇ ಬೆಳೆಯುತ್ತದೆ. ತಲೆ ಒಂದು ಕಡೆ ವಾಲಿದ್ದರಂತೂ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಹಾಸನದ ಸುತ್ತಮುತ್ತ ಇರುವವರಿಗೆ ಊರಲ್ಲೇ ಪಶುವೈದ್ಯಕೀಯ ಕಾಲೇಜು ಇದೆ.

ಇನ್ನು ಕಿವಿ ನುಸಿ. ಹೆಸರು ಸೊರೊಪ್ಟಿಸ್ ಕ್ಯುನಿಕ್ಯುಲೈ. ಇದು ಬಂದರೆ ಕಿವಿಯೊಳಗೆ ಕಂದು ಬಣ್ಣದ ಹಕ್ಕಳೆ ಪದರ ಪದರವಾಗಿ ಕಟ್ಟುತ್ತದೆ, ಒಣಗಿದ ಕಾರ್ನ್‌ಫ್ಲೇಕ್ಸ್ ತುಂಬಿಟ್ಟ ಹಾಗೆ. ಹಕ್ಕಳೆಯ ಒಂದು ಚೂರು ತಾನಾಗಿ ಉದುರಿದ್ದರೆ ಕಪ್ಪು ಕಾಗದದ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿ, ಬಿಳಿ ಚುಕ್ಕಿಗಳು ಹರಿದಾಡುವುದು ಕಾಣಬಹುದು. ಆದರೆ ಉಗುರಿನಿಂದ ಕಿತ್ತು ತೆಗೆಯಬೇಡಿ. ಕೆಳಗೆ ಹಸಿ ಗಾಯ ಇರುತ್ತದೆ, ಮೊಲ ನೋವಿಗೆ ಒದ್ದಾಡಿಬಿಡುತ್ತದೆ. ಡಾಕ್ಟರು ಐವರ್‌ಮೆಕ್ಟಿನ್ ಅಥವಾ ಸೆಲಮೆಕ್ಟಿನ್ ಕೊಡುತ್ತಾರೆ. ನುಸಿ ಸತ್ತ ಮೇಲೆ ಹಕ್ಕಳೆ ತಾನೇ ಉದುರುತ್ತದೆ. ಮೊಟ್ಟೆಯಿಂದ ದೊಡ್ಡ ನುಸಿಯಾಗುವುದಕ್ಕೆ ಸುಮಾರು 3 ವಾರ ಬೇಕು. ಅದಕ್ಕೇ ಒಂದೇ ಡೋಸ್‌ಗೆ ಬಿಡುವುದಿಲ್ಲ, ಮತ್ತೆ ಕೊಡುತ್ತಾರೆ. ಮೊಲದ ಮೈ ಬಿಟ್ಟರೂ ನುಸಿ ಹಲವು ದಿನ ಬದುಕಿರುತ್ತದೆ. ಗೂಡಿನ ಹಾಸು ಬದಲಾಯಿಸಿ. ಜೊತೆಗಿರುವ ಮೊಲಕ್ಕೂ ಚಿಕಿತ್ಸೆ ಕೊಡಿಸಿ.

ಒಂದು ಮುಖ್ಯ ಮಾತು. ಅಂಗಡಿಯೊಂದರಲ್ಲಿ ನನಗೆ ನಾಯಿಯ ಉಣ್ಣೆಗೆ ಹಾಕುವ ಸ್ಪ್ರೇ ಕೊಟ್ಟು, ‘ಎಲ್ಲಾ ಪ್ರಾಣಿಗೂ ನಡೆಯುತ್ತೆ’ ಅಂದಿದ್ದರು. ಲೇಬಲ್ ಓದಿದರೆ ಫಿಪ್ರೊನಿಲ್ ಅನ್ನುವ ಕೀಟನಾಶಕ. ನಾಯಿಗೆ ಸರಿ, ಮೊಲಕ್ಕೆ ಪ್ರಾಣಾಪಾಯ. ಹಾಗೆ ಕೇಳಿಬಂದ ಮನೆಮದ್ದು, ವಿನೆಗರ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಯಾವುದೂ ಬೇಡ. ತಮಟೆ ತೂತಾಗಿದ್ದರೆ ಒಳ್ಳೆಯ ಕಿವಿ ಡ್ರಾಪ್ಸ್ ಕೂಡ ಒಳಗಿನ ಕಿವಿಗೆ ಇಳಿದು ಕೆಡುಕು ಮಾಡುತ್ತದೆ. ತಮಟೆ ಹೇಗಿದೆ ಅಂತ ಮೊದಲು ಡಾಕ್ಟರು ನೋಡಬೇಕು.

ಹಿಡಿಯುವುದು ಹೇಗೆ? ಮೊಲ ಅಂದರೆ ಕಿವಿ ಹಿಡಿದೇ ಎತ್ತಬೇಕು ಅನ್ನುವವರು ಇನ್ನೂ ಇದ್ದಾರೆ. ಎಷ್ಟು ಹೇಳಿದರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಕಿವಿ ಅಂದರೆ ಬರೀ ತೆಳು ಚರ್ಮ, ಬಾಗುವಂಥ ಮೆತ್ತನೆ ಎಲುಬು, ರಕ್ತನಾಳ, ನರ. ಬಿಸಿಲಿಗೆ ಮೈ ತಂಪು ಮಾಡಿಕೊಳ್ಳುವುದೂ ಅದರಿಂದಲೇ. ಅಂಗಾತ ಮಲಗಿಸುವುದೂ ಬೇಡ. ಆಗ ಅದು ಅಲ್ಲಾಡದೆ ಬಿದ್ದಿರುವುದು ಹೆದರಿಕೆಗೆ, ಆರಾಮಕ್ಕಲ್ಲ. ನೆಲದ ಮೇಲೆ ಕೂತು, ದಪ್ಪ ಟವೆಲ್ ಹಾಸಿ, ಅದರಲ್ಲಿ ಮೊಲವನ್ನು ಬೆಚ್ಚಗೆ ಸುತ್ತಿ, ತಲೆ ಮಾತ್ರ ಈಚೆ ಬಿಡಿ. ಹಿಂಭಾಗಕ್ಕೆ ನಿಮ್ಮ ಹೊಟ್ಟೆಯ ಆಸರೆ ಇರಲಿ. ಜೋರಾಗಿ ಒದ್ದರೆ ಅದರ ಬೆನ್ನುಮೂಳೆಯೇ ಮುರಿಯಬಹುದು, ಅಷ್ಟು ಬಲ ಆ ಹಿಂಗಾಲಿಗೆ.

ಒರೆಸುವ ಕೆಲಸ ಒಂದೇ ನಿಮಿಷದ್ದು. ಉಗುರುಬೆಚ್ಚಗಿನ ಸಲೈನಿನಲ್ಲಿ ಗಾಜ್ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಬೆರಳಿಗೆ ಸುತ್ತಿಕೊಳ್ಳಿ. ಬೆರಳು ಕಾಣುವಷ್ಟು ದೂರ ಮಾತ್ರ, ಒಳಗಿನಿಂದ ಹೊರಗೆ ಒರೆಸಿ. ಆಮೇಲೆ ಒಣ ಬಟ್ಟೆಯಿಂದ ಒಮ್ಮೆ. ನಮ್ಮ ಕಡೆ ಜುಲೈ ತಿಂಗಳ ತೇವಕ್ಕೆ ಈ ಒಣ ಬಟ್ಟೆಯ ಕೆಲಸವನ್ನು ಬಿಡಲೇಬಾರದು.

ಟವೆಲ್ ಬಿಚ್ಚಿದ ಕೂಡಲೇ ನಮ್ಮದು ಹಿಂಗಾಲನ್ನು ನೆಲಕ್ಕೆ ಧಡ್ ಅಂತ ಬಡಿದು ಮಂಚದ ಕೆಳಗೆ ಹೋಗುತ್ತದೆ. ಹುಲ್ಲು ಹಾಕಿಟ್ಟು ಸುಮ್ಮನಿರುತ್ತೇನೆ. ಹೆದರಿದ ಮೊಲ ತಿನ್ನುವುದನ್ನು ಬಿಟ್ಟರೆ ಕರುಳೇ ನಿಧಾನವಾಗುತ್ತದೆ. ಅರ್ಧ ದಿನ ಏನೂ ಮುಟ್ಟದೆ ಹಿಕ್ಕೆಯೂ ನಿಂತರೆ ಅದು ತುರ್ತು. ನಮ್ಮದು ಹತ್ತು ನಿಮಿಷಕ್ಕೆ ಕೊತ್ತಂಬರಿ ಕಡ್ಡಿಗೆ ಆಚೆ ಬರುತ್ತದೆ.